ಹಿಡಿತದ ಅಳತೆ ಮತ್ತು ‘ಅಬಲೆ’

1884ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಆರೋಗ್ಯ ಪ್ರದರ್ಶನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸ ಒಂದು ವಿಚಿತ್ರ ಮಳಿಗೆಯನ್ನು ತೆರೆದ. ಮೂರು ಪೆನ್ಸ್ ತೆತ್ತು ಒಳಹೊಕ್ಕವರ ಎತ್ತರ, ತೂಕ, ದೃಷ್ಟಿ, ಶ್ರವಣಗಳ ಜೊತೆಗೆ ಮುಷ್ಟಿಯ ಹಿಡಿತವನ್ನೂ ಅಳೆದು ಚೀಟಿ ಬರೆದುಕೊಡಲಾಗುತ್ತಿತ್ತು. ಹೀಗೆ 9,337 ಮಂದಿ ಅಳೆಯಿಸಿಕೊಂಡರು. ನಮ್ಮ ರೈಲು ನಿಲ್ದಾಣಗಳಲ್ಲಿ ತೂಕದ ಯಂತ್ರಕ್ಕೆ ನಾಣ್ಯ ಹಾಕುತ್ತಿದ್ದವರ ಕುತೂಹಲವೇ ಅಲ್ಲಿಯೂ ಕೆಲಸ ಮಾಡಿರಬೇಕು! ಗುದ್ದಿನ ವೇಗವನ್ನು ಅಳೆಯುವ ಸಾಧನವೂ ಇತ್ತು; ತರುಣನೊಬ್ಬ ಓರೆಯಾಗಿ ಗುದ್ದಿ ಅದರ ಮರದ ದಂಡವನ್ನೇ ಮುರಿದನಂತೆ.

ಹಿಡಿತವನ್ನು ಅಳೆಯುವ ಡೈನಮೋಮೀಟರ್ ಗಾಲ್ಟನ್ನನ ಸೃಷ್ಟಿಯಲ್ಲ. ಸ್ಪ್ರಿಂಗಿನ ಅಂಥ ಉಪಕರಣವನ್ನು ಫ್ರಾನ್ಸಿನ ರೆನ್ಯೇ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ರಚಿಸಿದ್ದ. ಆದರೆ ಇಷ್ಟು ಜನರ ಅಂಕಿಗಳನ್ನು ವಯಸ್ಸು, ಲಿಂಗಗಳೊಡನೆ ಒಂದೆಡೆ ಕಲೆಹಾಕಿದ್ದು ಗಾಲ್ಟನ್ನನ ಹೆಚ್ಚುಗಾರಿಕೆ. 23ರಿಂದ 26ರ ವಯಸ್ಸಿನವರಲ್ಲಿ ಗಂಡಸರ ನಡುಮಟ್ಟದ ಹಿಡಿತ 85 ಪೌಂಡು, ಹೆಂಗಸರದು 52. ಒಟ್ಟು 1,657 ವಯಸ್ಕ ಸ್ತ್ರೀಯರಲ್ಲಿ ಅತಿ ಬಲಶಾಲಿಯಾದವಳ ಹಿಡಿತ 86 ಪೌಂಡು, ಅಂದರೆ ಸಾಧಾರಣ ಗಂಡಸಿನಷ್ಟು. ಹೆಣ್ಣನ್ನು ‘ಅಬಲೆ’ ಎನ್ನುವುದು ಯುಕ್ತವೇ ಸರಿ ಎಂದು ಆತ ತೀರ್ಮಾನಿಸಿದ. ಬಲಿಷ್ಠ ಸ್ತ್ರೀಯರು ವಿರಳವಾಗಿರುವುದು ಗಂಡಸರ ನೆಮ್ಮದಿಗೆ ಒಳ್ಳೆಯದೆಂಬ ಕುಹಕವನ್ನೂ ಸೇರಿಸಿದ.

ಅಂಕಿಗಳು ಸುಳ್ಳಲ್ಲ, ಇಂದಿನ ಅಳತೆಗಳೂ ಅದನ್ನೇ ಹೇಳುತ್ತವೆ. ಆದರೆ ಬೆರಳುಗಳ ಚಳಕವನ್ನು ಆ ಮಳಿಗೆಯಲ್ಲಿ ಯಾರೂ ಅಳೆಯಲಿಲ್ಲ. ಸೂಜಿಗೆ ದಾರ ಪೋಣಿಸುವ ಕೈಯ ಸಾಮರ್ಥ್ಯವನ್ನು ಹಿಂಡಿ ತಿಳಿಯುವುದು ಹೇಗೆ?

ಆ ಕೆಲಸಕ್ಕೆ ಕಾರ್ಖಾನೆಗಳೇ ಕಾರಣವಾಗಬೇಕಾಯಿತು. ಕೈಗೆಲಸಕ್ಕೆ ತಕ್ಕವರನ್ನು ಆರಿಸಲು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೋಸೆಫ್ ಟಿಫಿನ್ ರೂಪಿಸಿದ ಹಲಗೆಯ ಪರೀಕ್ಷೆ 1948ರಲ್ಲಿ ಪ್ರಕಟವಾಯಿತು. 30 ಸೆಕೆಂಡುಗಳಲ್ಲಿ ಎಷ್ಟು ಸಣ್ಣ ಕಡ್ಡಿಗಳನ್ನು ರಂಧ್ರಗಳಲ್ಲಿ ನಿಲ್ಲಿಸಬಲ್ಲಿರಿ ಎಂಬುದೇ ಲೆಕ್ಕ. ಇಲ್ಲಿ ಸಾಮಾನ್ಯವಾಗಿ ಹೆಂಗಸರೇ ಮುಂದು. ಹಾಗೆಂದು ಹೆಣ್ಣಿಗೆ ಚಳಕ ಹುಟ್ಟುಗುಣವೆನ್ನುವುದೂ ಅವಸರದ ಮಾತೇ. 1990ರಲ್ಲಿ ಮೈಕೆಲ್ ಪೀಟರ್ಸ್ ಮತ್ತು ಸಂಗಡಿಗರು ಬೆರಳುಗಳ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಂತರ ಮಾಯವಾಯಿತು. ದಪ್ಪ ಬೆರಳಿನ ಗಂಡಸಿಗೆ ಸಣ್ಣ ಕಡ್ಡಿ ತೊಡಕು, ಅಷ್ಟೆ.

ವಯಸ್ಸಿನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಹಾದಿ. ಹಿಡಿತ ಯೌವನದಲ್ಲಿ ಏರಿ, ನಡುವಯಸ್ಸಿನ ಬಳಿಕ ಇಳಿಯುತ್ತದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಿಡಿತ 5 ಕಿಲೋ ಕಡಿಮೆಯಿದ್ದವರಲ್ಲಿ ಸಾವಿನ ಸಂಭವ ಶೇಕಡ 16ರಷ್ಟು ಹೆಚ್ಚಿತ್ತು. ಸಾವಿನ ಮುನ್ಸೂಚನೆಗೆ ರಕ್ತದೊತ್ತಡಕ್ಕಿಂತ ಹಿಡಿತವೇ ಮೇಲೆನಿಸಿತು. ಆದರೂ ತೋಳಿಗೆ ಪಟ್ಟಿ ಸುತ್ತುವ ವೈದ್ಯರು ನನ್ನ ಕೈಗೆ ಆ ಉಪಕರಣವನ್ನು ಇನ್ನೂ ಕೊಟ್ಟಿಲ್ಲ.