ನಾಯಿಗೆ ವಾರಕ್ಕೆರಡು ಸಲ ಜಳಕ ಹಾಕಿಸ್ತೀರಾ? ಮೈ ಒಣಗಿ ಹೊಟ್ಟು ಉದುರದಂಗ ನೋಡಿಕೊಳ್ಳೋದು ಹೆಂಗ?

ಕೊಣ್ಣೂರ: ಬೇಸಿಗಿ ಬಂದ್ರ ಘಟಪ್ರಭಾ ಹೊಳಿ ದಂಡಿ, ಚಳಿಗಾಲ ಬಂದ್ರ ಮನಿ ಹಿತ್ತಲದಾಗಿನ ಬಿಸಿನೀರಿನ ಬಕೆಟ್. ಕೊಣ್ಣೂರ, ಗೋಕಾಕ ಫಾಲ್ಸ್, ಘಟಪ್ರಭಾ ಸುತ್ತಮುತ್ತ ನಾಯಿ ಸಾಕಿದ ಮನೆಗಳಲ್ಲಿ ಇದು ಸಾಮಾನ್ಯ ನೋಟ. ಹೊಲದಿಂದ ಕೆಸರು ಮೆತ್ತಿಕೊಂಡು ಬಂದರೂ ಜಳಕ, ಮನೆಗೆ ಬೀಗರು ಬರುತ್ತಾರೆ ಎಂದರೂ ಜಳಕ, ಉಣ್ಣಿ ಕಂಡರಂತೂ ದಿನಾ ಜಳಕ. ಸ್ವಚ್ಛ ಇಡಬೇಕು ಎನ್ನುವ ಕಾಳಜಿ ಒಳ್ಳೆಯದೇ. ಆದರೆ ಅದೇ ಕಾಳಜಿಯಿಂದ ಎಷ್ಟೋ ನಾಯಿಗಳ ಚರ್ಮ ಒಣಗಿ, ಬಿಳಿ ಹೊಟ್ಟು ಉದುರಿ, ಕೆರೆದು ಕೆರೆದು ಗಾಯವಾಗುತ್ತದೆ.

ಆಮೇಲೆ ಆಗೋದು ಇನ್ನೂ ಕೆಟ್ಟದ್ದು. ಕೆರೆದುಕೊಳ್ಳುವ ನಾಯಿಯನ್ನು ನೋಡಿ "ಹೊಲಸಾಗೈತಿ" ಎಂದು ಮತ್ತೆ ಜಳಕ ಹಾಕುತ್ತಾರೆ. ಚರ್ಮ ಮತ್ತಷ್ಟು ಒಣಗುತ್ತದೆ. ಕೂದಲು ಉದುರಿದ ಮೇಲೆ "ಕಜ್ಜಿ ಬಂತು, ಮಕ್ಕಳಿಗೆ ಹತ್ತೀತು" ಎಂಬ ಹೆದರಿಕೆಗೆ ಅದನ್ನು ದೂರ ಒಯ್ದು ಬಿಟ್ಟು ಬರುವವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಅನ್ನ ನೀರಿಲ್ಲದೆ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಅಲ್ಲಿಯವರೆಗೆ ಹೋಗುವ ಅಗತ್ಯವೇ ಇಲ್ಲ. ಜಳಕದ ರೀತಿ ಬದಲಿಸಿದರೆ ಬಹಳಷ್ಟು ನಾಯಿಗಳು ಒಂದೆರಡು ತಿಂಗಳಲ್ಲಿ ಸುಧಾರಿಸುತ್ತವೆ.

ಮನುಷ್ಯರ ಚರ್ಮ ಬೇರೆ, ನಾಯಿ ಚರ್ಮ ಬೇರೆ

ಕೂದಲು ದಟ್ಟ ಇರುವುದರಿಂದ ನಾಯಿಯ ಚರ್ಮ ಗಟ್ಟಿ ಎಂದು ಅನಿಸುತ್ತದೆ. ನಿಜ ಉಲ್ಟಾ ಐತಿ. ಮೈಮೇಲಿನ ಚರ್ಮದ ಹೊರಪದರದಲ್ಲಿ ಮನುಷ್ಯರಿಗೆ ಸುಮಾರು 10ರಿಂದ 15 ಸಾಲು ಜೀವಕೋಶ ಇದ್ದರೆ, ನಾಯಿಗೆ ಇರುವುದು ಬಹುತೇಕ 3ರಿಂದ 5 ಸಾಲು ಮಾತ್ರ. ಈ ತೆಳು ಪದರವನ್ನು ಕಾಯುವುದು ಚರ್ಮದೊಳಗಿನ ಗ್ರಂಥಿಗಳಿಂದ ಬರುವ ಎಣ್ಣೆ ಜಿಡ್ಡು. ಒಳಗಿನ ತೇವ ಆರಿಹೋಗದಂತೆ, ಹೊರಗಿನ ಧೂಳು ಮತ್ತು ರೋಗಾಣು ಒಳಗೆ ಹೋಗದಂತೆ ತಡೆಯುವುದು ಅದೇ ಜಿಡ್ಡು.

ಸೋಪು ಹಚ್ಚಿ ತಿಕ್ಕಿದಾಗ ಕೊಳೆಯ ಜೊತೆ ಈ ಜಿಡ್ಡೂ ಹೋಗುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಸಮಯ ಬೇಕು. ನಾಯಿಯ ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಸುಮಾರು 3 ವಾರ ಹಿಡಿಯುತ್ತದೆ. ವಾರಕ್ಕೆರಡು ಸಲ ಸೋಪಿನ ಜಳಕ ಆದರೆ ಚರ್ಮಕ್ಕೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ.

ಇನ್ನೊಂದು ವಿಷಯ ಹುಳಿ-ಕ್ಷಾರದ ಪ್ರಮಾಣ, ಅಂದರೆ ಪಿಎಚ್. ಮನುಷ್ಯರ ಚರ್ಮ ಸ್ವಲ್ಪ ಹುಳಿ ಕಡೆ, ಸುಮಾರು 5.5. ನಾಯಿಯದು ಹೆಚ್ಚುಕಡಿಮೆ ನೀರಿನಂತೆ, 7ರ ಆಸುಪಾಸು. ಮೈ ತೊಳೆಯುವ ಸಾಮಾನ್ಯ ಸೋಪು 9ರಿಂದ 10. ಬಟ್ಟೆ ಸೋಪು, ವಾಶಿಂಗ್ ಪೌಡರ್ ಇನ್ನೂ ಖಾರ. "ನಾವು ಹಚ್ಚಿಕೊಳ್ಳೋ ಸೋಪೇ ಹಚ್ಚೀವಿ, ಏನಾಗ್ತೈತಿ" ಎನ್ನುವ ಮಾತು ಇಲ್ಲಿ ನಡೆಯೋದಿಲ್ಲ.

ಎಷ್ಟು ದಿನಕ್ಕೊಮ್ಮೆ ಜಳಕ?

ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಂದು ಶಾಂಪೂ ಜಳಕ ಸಾಕು. ಎಲ್ಲ ತಳಿಗೂ ಒಂದೇ ಲೆಕ್ಕ ಇಲ್ಲ.

ಪಕ್ಕದ ಮುಧೋಳದ ಹೆಸರು ಹೊತ್ತ ಮುಧೋಳ ನಾಯಿ ನಮ್ಮ ಭಾಗದ ಹೊಲಮನೆಗಳಲ್ಲಿ ಬಹಳ ಕಾಣುತ್ತದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತ್ತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಶ್ವಾನ ಸಂಶೋಧನಾ ಕೇಂದ್ರವಿದೆ. ಈ ನಾಯಿಯ ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ಕೊಳೆ ಅಂಟುವುದೂ ಕಡಿಮೆ. ಹಸಿ ಬಟ್ಟೆಯಿಂದ ಒರೆಸಿದರೆ ಬಹುಪಾಲು ಸ್ವಚ್ಛ ಆಗುತ್ತದೆ. ಒಂದೂವರೆ-ಎರಡು ತಿಂಗಳಿಗೊಮ್ಮೆ ಶಾಂಪೂ ಹಾಕಿದರೂ ನಡೆಯುತ್ತದೆ. ಊರ ನಾಟಿ ನಾಯಿಗಳಿಗೂ ಇದೇ ಲೆಕ್ಕ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪಮೇರಿಯನ್ ನಾಯಿಗಳಿಗೆ ಮೇಲೊಂದು, ಒಳಗೊಂದು ಎರಡು ಪದರದ ಕೂದಲು. ಜಳಕಕ್ಕಿಂತ ಇವಕ್ಕೆ ದಿನ ಬಿಟ್ಟು ದಿನ ಬಾಚುವುದೇ ಮುಖ್ಯ. ಬಾಚಿದಾಗ ಸತ್ತ ಕೂದಲು ಬರುತ್ತದೆ, ಮೈಯ ಎಣ್ಣೆ ಬುಡದಿಂದ ತುದಿವರೆಗೆ ಹರಡುತ್ತದೆ, ವಾಸನೆಯೂ ಇಳಿಯುತ್ತದೆ.

ಎರಡು ತಿಂಗಳ ಒಳಗಿನ ಮರಿಗಳಿಗೆ ಜಳಕ ಬೇಡ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಅರಿವಿಯಿಂದ ಒರೆಸಿ, ತಕ್ಷಣ ಒಣಗಿಸಿದರೆ ಸಾಕು.

ನಡುನಡುವೆ ಹೊಲಸಾದರೆ?

ಕಬ್ಬಿನ ಹೊಲದಿಂದ ಕಪ್ಪು ಮಣ್ಣು ಮೆತ್ತಿಕೊಂಡು ಬಂದ ನಾಯಿಗೆ ಪೂರ್ತಿ ಜಳಕವೇ ಬೇಕೆಂದಿಲ್ಲ. ಮಣ್ಣು ಒಣಗಲು ಬಿಟ್ಟು ಬಾಚಿದರೆ ಅರ್ಧ ಉದುರುತ್ತದೆ. ಉಳಿದದ್ದಕ್ಕೆ ಕಾಲು, ಹೊಟ್ಟೆ ಭಾಗವನ್ನು ಬರೀ ನೀರಿನಿಂದ ತೊಳೆದು ಒರೆಸಬೇಕು. ಬರೀ ನೀರು ಸೋಪಿನಷ್ಟು ಜಿಡ್ಡು ತೆಗೆಯುವುದಿಲ್ಲ. ಕಡ್ಲಿಹಿಟ್ಟು ಹಚ್ಚಿ ತಿಕ್ಕುವ ರೂಢಿ ಕೆಲವರಲ್ಲಿದೆ. ಅದು ಎಣ್ಣೆ ಹೀರಿಕೊಳ್ಳುತ್ತದೆ, ಕೂದಲಲ್ಲಿ ಕಚ್ಚಿಕೊಂಡು ಉಳಿಯುತ್ತದೆ. ಮೊದಲೇ ಒಣಗಿದ ಮೈಗೆ ಅದು ಬೇಡ.

ಜಳಕ ಹಾಕುವ ಸರಿಯಾದ ಕ್ರಮ

1. ಮೊದಲು ಬಾಚಬೇಕು. ಗಂಟು ಕಟ್ಟಿದ ಕೂದಲು ಒದ್ದೆಯಾದರೆ ಇನ್ನೂ ಬಿಗಿಯಾಗುತ್ತದೆ, ಅದರೊಳಗೆ ಶಾಂಪೂ ಉಳಿದುಬಿಡುತ್ತದೆ.

2. ನೀರು ಉಗುರುಬೆಚ್ಚಗೆ ಇರಬೇಕು. ಮೊಳಕೈ ಹತ್ತಿರ ಹಾಕಿಕೊಂಡು ನೋಡಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನಿಸಬೇಕು. ಬಿಸಿನೀರು ಜಿಡ್ಡನ್ನು ಬೇಗ ಕರಗಿಸುತ್ತದೆ, ತುರಿಕೆ ಹೆಚ್ಚಿಸುತ್ತದೆ.

3. ಕಿವಿಯೊಳಗೆ ನೀರು ಹೋಗದಂತೆ ಅರಳೆಯ ಉಂಡೆ ಮೆತ್ತಗೆ ಇಡಬೇಕು. ಜಳಕ ಮುಗಿದ ಮೇಲೆ ತೆಗೆಯಲು ಮರೆಯಬಾರದು.

4. ನಾಯಿಗೆಂದೇ ಮಾಡಿದ ಶಾಂಪೂವನ್ನು ಮಗ್ಗಿನಲ್ಲಿ ನೀರಿಗೆ ಕಲಸಿ ಹಾಕಬೇಕು. ನೇರ ಸುರಿದರೆ ಒಂದೇ ಕಡೆ ಗಟ್ಟಿ ಕೂತು ಹೋಗುವುದಿಲ್ಲ. ಬ್ರಷ್ಷಿನಿಂದ ಗಸಗಸ ತಿಕ್ಕಬಾರದು, ಬೆರಳಿನ ತುದಿ ಸಾಕು.

5. ಶಾಂಪೂ ಹಚ್ಚಿದ್ದಕ್ಕಿಂತ ಎರಡು ಪಟ್ಟು ಹೊತ್ತು ತೊಳೆಯಬೇಕು. ಕಂಕುಳ, ತೊಡೆಸಂದಿ, ಬೆರಳ ಸಂದಿ, ಬಾಲದ ಬುಡದಲ್ಲಿ ನೊರೆ ಉಳಿಯುತ್ತದೆ. ಜಳಕದ ಮರುದಿನ ತುರಿಕೆ ಶುರುವಾಗಲು ಬಹಳ ಸಲ ಈ ಉಳಿದ ನೊರೆಯೇ ಕಾರಣ. ಬೋರ್ ನೀರು ಗಡಸಾಗಿದ್ದರೆ ಸೋಪಿನ ಜೊತೆ ಸೇರಿ ಬಿಳಿ ಪದರ ಕಟ್ಟುತ್ತದೆ. ಅಂಥ ಕಡೆ ಕೊನೆಯ ಒಂದು ಬಕೆಟ್ ನಳದ ನೀರೋ, ಮಳೆ ನೀರೋ ಇದ್ದರೆ ಒಳ್ಳೆಯದು.

6. ಒಣ ಟವೆಲ್ಲಿನಿಂದ ಒತ್ತಿ ಒತ್ತಿ ನೀರು ತೆಗೆಯಬೇಕು. ದಟ್ಟ ಕೂದಲ ನಾಯಿಗಳ ಒಳಪದರ ಒದ್ದೆ ಉಳಿದರೆ ಅಲ್ಲಿ ಹಸಿ ಹುಣ್ಣು ಏಳುತ್ತದೆ. ಹೇರ್ ಡ್ರೈಯರ್ ಬಳಸಿದರೆ ತಣ್ಣನೆ ಗಾಳಿಯಲ್ಲಿ, ದೂರ ಹಿಡಿದು ಬಳಸಬೇಕು.

ಹೊಳೆಯಲ್ಲಿ ಈಜಿಸುವವರು ಮನೆಗೆ ಬಂದ ಮೇಲೆ ಒಮ್ಮೆ ಶುದ್ಧ ನೀರು ಹಾಕಿ ಒರೆಸಬೇಕು. ದನ ತೊಳೆಯುವ, ಬಟ್ಟೆ ಒಗೆಯುವ ಜಾಗದ ನಿಂತ ನೀರಿಗೆ ಇಳಿಸುವುದು ಬೇಡ. ಇಲಿ ಜ್ವರದಂಥ ರೋಗ ಇಂಥ ನೀರಿನಿಂದಲೇ ಹತ್ತುತ್ತದೆ.

ಒಣಗಿದ ಮೈಗೆ ಮನೆಯಲ್ಲೇ ಏನು ಮಾಡಬಹುದು?

ಕಿರಾಣಿ ಅಂಗಡಿಯಲ್ಲಿ ಸಿಗುವ ಸಾದಾ ಓಟ್ಸ್ ಒಂದು ಕಪ್ಪು ತೆಗೆದುಕೊಂಡು ಮಿಕ್ಸರಿನಲ್ಲಿ ನುಣ್ಣಗೆ ಪುಡಿ ಮಾಡಬೇಕು. ಮಸಾಲೆ ಅಥವಾ ಸಕ್ಕರೆ ಸೇರಿಸಿದ್ದು ಬೇಡ. ಪುಡಿಯನ್ನು ಬಕೆಟ್ ಬೆಚ್ಚನೆ ನೀರಿಗೆ ಕದಡಿದಾಗ ಹಾಲಿನಂತೆ ಬಿಳಿ ಆಗಬೇಕು. ಅದನ್ನು ಮೈಮೇಲೆ ಚರಿಗಿಯಿಂದ ಹಾಕುತ್ತಾ 5ರಿಂದ 10 ನಿಮಿಷ ಬಿಟ್ಟು ತೊಳೆಯಬೇಕು. ತುರಿಕೆ ತಣಿಯುತ್ತದೆ.

ಕೊಬ್ಬರಿ ಎಣ್ಣೆ ಮೈತುಂಬ ಹಚ್ಚುವುದು ತಪ್ಪು. ಧೂಳು ಅಂಟುತ್ತದೆ, ನಾಯಿ ನೆಕ್ಕಿ ಭೇದಿ ಮಾಡಿಕೊಳ್ಳುತ್ತದೆ, ಮತ್ತೆ ಸೋಪು ಹಾಕಬೇಕಾಗುತ್ತದೆ. ಎರಡು-ಮೂರು ಹನಿ ಅಂಗೈಗೆ ತಿಕ್ಕಿಕೊಂಡು ಮೊಳಕಾಲು, ಮೂಗಿನ ಮೇಲಿನ ಒಡಕಿಗಷ್ಟೇ ಸವರಿದರೆ ಸಾಕು. ಬೇವಿನ ಎಣ್ಣೆಯನ್ನು ಹಾಗೇ ಹಚ್ಚಿದರೆ ಉರಿಯುತ್ತದೆ.

ಸಿಮೆಂಟ್ ನೆಲದ ಮೇಲೆ ಮಲಗುವ ನಾಯಿಗಳ ಮೊಳಕೈ ಮೇಲಿನ ಚರ್ಮ ದಪ್ಪಗಾಗಿ ಒಡೆಯುತ್ತದೆ. ಹಳೆಯ ಕೌದಿ ಹಾಸಿದರೆ ಅದು ನಿಲ್ಲುತ್ತದೆ. ಗೊಬ್ಬರ, ಔಷಧ ತುಂಬಿದ್ದ ಚೀಲ ಮಾತ್ರ ಹಾಸಬಾರದು.

ಹೊಟ್ಟೆಗೆ ಹಾಕೋದೂ ಮುಖ್ಯ

ಬರೀ ರೊಟ್ಟಿ, ಅನ್ನ, ಸಾರು ತಿನ್ನುವ ನಾಯಿಯ ಚರ್ಮ ಹೊರಗಿನಿಂದ ಎಷ್ಟೇ ಆರೈಕೆ ಮಾಡಿದರೂ ಹೊಳೆಯುವುದಿಲ್ಲ. ಚರ್ಮ, ಕೂದಲು ಕಟ್ಟಲು ಪ್ರೋಟೀನ್ ಬೇಕು. ಬೇಯಿಸಿದ ತತ್ತಿ, ಮುಳ್ಳು ತೆಗೆದ ಬೇಯಿಸಿದ ಮೀನು, ಎಲುಬಿಲ್ಲದ ಮಾಂಸ ಕೊಡಬಹುದು. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಬಹಳ. ಚರ್ಮದ ತೇವ ಹಿಡಿದಿಡಲು ನಾಯಿಗೆ ಬೇಕಾದದ್ದೇ ಅದು. 10 ಕಿಲೋ ತೂಕದ ನಾಯಿಗೆ ದಿನಕ್ಕೆ ಅರ್ಧದಿಂದ ಒಂದು ಚಹಾ ಚಮಚ ಊಟದಲ್ಲಿ ಕಲಸಿದರೆ ಸಾಕು. ದಪ್ಪಗಿನ ನಾಯಿಗೆ, ವಾಂತಿ-ಭೇದಿ ಇರುವ ನಾಯಿಗೆ ವೈದ್ಯರನ್ನು ಕೇಳಿಯೇ ಕೊಡಬೇಕು. ಫಲಿತಾಂಶ ಕಾಣಲು ಒಂದೂವರೆ-ಎರಡು ತಿಂಗಳು ಬೇಕು.

ಅಗಸಿ ಒಳ್ಳೆಯದೆಂದು ಅಗಸಿ ಚಟ್ನಿ ಹಾಕುವುದು ಬೇಡ. ಅದರಲ್ಲಿ ಬಳ್ಳೊಳ್ಳಿ, ಉಪ್ಪು, ಖಾರ ಇರುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ಕುಡಿಯುವ ನೀರು ದಿನವಿಡೀ ನೆರಳಲ್ಲಿ ಇರಬೇಕು.

ಅಂಗಡಿಕಾರರ ಗಮನಕ್ಕೆ

ಅಂಗಡಿ ಕಟ್ಟೆಯ ಮೇಲೆ ಮಲಗುವ ನಾಯಿಗಳ ಹೊಟ್ಟೆ, ತೊಡೆ ಕೆಂಪಾಗಿದ್ದರೆ ಬೆಳಿಗ್ಗೆ ನೆಲ ಒರೆಸುವ ಫಿನಾಯಿಲ್ ಕಾರಣ ಇರಬಹುದು. ನೆಲ ಪೂರ್ತಿ ಒಣಗುವವರೆಗೆ ನಾಯಿಯನ್ನು ಮಲಗಲು ಬಿಡಬಾರದು. ಗಟಾರದ ದಂಡಿಗೆ ಹಾಕುವ ಬ್ಲೀಚಿಂಗ್ ಪೌಡರ್, ಸುಣ್ಣದ ಮೇಲೆ ನಡೆದು ಬಂದರೆ ಪಾದ ತೊಳೆಯಬೇಕು. ಜಳಕದ ನೀರಿಗೆ ಫಿನಾಯಿಲ್ ಹಾಕುವುದಂತೂ ವಿಷ ಹಾಕಿದಂತೆ. ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಉಣ್ಣಿ ಔಷಧ: ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು

ದನಕ್ಕೆ ಹೊಡೆಯುವ ಉಣ್ಣಿ ಔಷಧವನ್ನು ಅಂದಾಜಿನ ಮೇಲೆ ಬಕೆಟ್‌ಗೆ ಸುರಿದು ನಾಯಿಗೆ ಹಾಕುವುದು ಅಪಾಯ. ಮೈ ಒಡೆದಿದ್ದರೆ ಔಷಧ ಇನ್ನೂ ಹೆಚ್ಚು ಒಳಗೆ ಹೀರಿಕೊಳ್ಳುತ್ತದೆ. ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಜೊಲ್ಲು ಸುರಿಯುವುದು, ನಡುಗುವುದು, ತೂರಾಡುವುದು ಕಂಡರೆ ಸಾಕಷ್ಟು ನೀರಿನಿಂದ ತೊಳೆದು, ಔಷಧದ ಬಾಟ್ಲಿ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕೀಟನಾಶಕವನ್ನಂತೂ ಮುಟ್ಟಿಸಲೇಬಾರದು.

ವೈದ್ಯರು ಬರೆದುಕೊಟ್ಟ, ಕುತ್ತಿಗೆ ಹಿಂದೆ ಹಾಕುವ ಹನಿ ಔಷಧ ಮೈಯ ಜಿಡ್ಡಿನ ಜೊತೆಗೇ ಹರಡುತ್ತದೆ. ಅದನ್ನು ಹಾಕುವ 2 ದಿನ ಮೊದಲು, ಹಾಕಿದ 2 ದಿನ ನಂತರ ಜಳಕ ಬೇಡ. ಪದೇ ಪದೇ ಜಳಕ ಹಾಕಿಸುವ ಮನೆಗಳಲ್ಲಿ "ಔಷಧ ಹಾಕಿದ್ರೂ ಉಣ್ಣಿ ಹೋಗವಲ್ಲವು" ಎನ್ನುವ ದೂರಿಗೆ ಇದೂ ಒಂದು ಕಾರಣ.

ಯಾವಾಗ ಆಸ್ಪತ್ರೆಗೆ?

ಎಲ್ಲ ಹೊಟ್ಟೂ ಜಳಕದಿಂದ ಬಂದದ್ದಲ್ಲ. ಮೈ ಬಾಚಿದಾಗ ಬಿದ್ದ ಕರಿ ಕಾಳನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ ನೋಡಬಹುದು. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಈ ಕೆಳಗಿನವು ಕಂಡರೆ ಮನೆಮದ್ದು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು:

- ಗುಂಡಗೆ ತೇಪೆಯಂತೆ ಕೂದಲು ಉದುರುವುದು
- ಕಿವಿ ಅಂಚು, ಮೊಳಕೈ ಮೇಲೆ ಹೆಕ್ಕಳೆ, ರಾತ್ರಿಯಿಡೀ ತುರಿಕೆ
- ಮನೆಯವರಿಗೂ ತುರಿಕೆ ಶುರುವಾಗುವುದು
- ಎಣ್ಣೆ ಎಣ್ಣೆಯಾಗಿ, ಜಳಕದ ಎರಡೇ ದಿನಕ್ಕೆ ಕಮಟು ವಾಸನೆ
- ಕೀವು, ರಕ್ತ, ಚರ್ಮ ಕಪ್ಪಾಗಿ ದಪ್ಪಗಾಗುವುದು
- ಜಳಕ ಕಡಿಮೆ ಮಾಡಿ 4 ವಾರವಾದರೂ ಸುಧಾರಿಸದಿರುವುದು

ಕಜ್ಜಿ ಹುಳ, ಶಿಲೀಂಧ್ರ, ಅಲರ್ಜಿ, ಥೈರಾಯ್ಡ್ ಕೊರತೆ ಹೀಗೆ ಕಾರಣ ಬೇರೆ ಬೇರೆ. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ಸಲ ಕಾರಣ ಗೊತ್ತಾಗುತ್ತದೆ. ಬಹುತೇಕ ಕಜ್ಜಿಗೆ ಔಷಧ ಐತಿ. ಮೆಡಿಕಲ್ ಶಾಪಿನಿಂದ ಮನುಷ್ಯರ ಗಜಕರ್ಣದ ಮುಲಾಮು ತಂದು ಹಚ್ಚಬಾರದು. ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ, ನಾಯಿ ಅದನ್ನು ನೆಕ್ಕುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಪಶುಸಂಗೋಪನೆ ಸಹಾಯವಾಣಿ ಸಂಖ್ಯೆ 1962. ಹೋಗುವಾಗ ನಾಲ್ಕು ವಿಷಯ ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲ: ಎಷ್ಟು ದಿನಕ್ಕೊಮ್ಮೆ ಜಳಕ, ಯಾವ ಸೋಪು, ಏನು ಊಟ, ಉಣ್ಣಿಗೆ ಏನು ಹಾಕಿದ್ದಿರಿ. ಹೋಗುವ ಮುಂಚೆ ಜಳಕ ಹಾಕಿಸಿಕೊಂಡು ಹೋಗಬಾರದು. ರೋಗದ ಗುರುತು ತೊಳೆದು ಹೋಗುತ್ತದೆ.

ನೆನಪಿರಲಿ

ತಿಂಗಳಿಗೊಂದು ಶಾಂಪೂ ಜಳಕ, ನಡುವೆ ಬಾಚಣಿಕೆ ಮತ್ತು ಹಸಿ ಅರಿವಿ. ಉಗುರುಬೆಚ್ಚನೆ ನೀರು, ನಾಯಿ ಶಾಂಪೂ, ನೊರೆ ಪೂರ್ತಿ ಹೋಗುವವರೆಗೆ ತೊಳೆಯುವುದು, ಪೂರ್ತಿ ಒಣಗಿಸುವುದು. ನಾಯಿ ಕೆರೆದುಕೊಳ್ಳಾಕತ್ತಿದ್ರ ಮತ್ತೊಂದು ಬಕೆಟ್ ನೀರು ಕಾಯಿಸುವ ಮುಂಚೆ, ಹೋದ ಜಳಕ ಯಾವಾಗ ಆಗಿತ್ತು ಎಂದು ಒಮ್ಮೆ ಲೆಕ್ಕ ಹಾಕಿ ನೋಡ್ರಿ.