ಮಾಲ್‌ಫಂಕ್ಷನ್ 54

ಪ್ರೋಗ್ರಾಮ್ ಬರೆಯುವುದೇ ನನ್ನ ಹೊಟ್ಟೆಪಾಡು. ಆದರೂ ಎರರ್ ಮೆಸೇಜ್‌ಗಳನ್ನು ಮಾತ್ರ ಕೊನೆಯಲ್ಲಿ ಅವಸರದಿಂದ ಗೀಚಿ ಮುಗಿಸುತ್ತಿದ್ದೆ. "ಎರರ್ 12" ಅಂತ ಹಾಕಿದರೆ ಸಾಕಲ್ಲ ಅನ್ನುವ ಉಡಾಫೆ! ಥೆರಾಕ್-25ರ ಕಥೆ ಓದಿದ ಮೇಲೆ ಆ ಚಾಳಿ ಬಿಟ್ಟೆ.

ಅದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುತ್ತಿದ್ದ, ಕೆನಡಾದಲ್ಲಿ ತಯಾರಾದ ಯಂತ್ರ. 1986ರ ಮಾರ್ಚ್‌ನಲ್ಲಿ ಅಮೆರಿಕದ ಟೈಲರ್ ಎಂಬ ಊರಿನಲ್ಲಿ ಚಿಕಿತ್ಸೆ ನಡೆಯುವಾಗ ಪರದೆಯ ಮೇಲೆ ಬಂದದ್ದು ಇಷ್ಟೇ: "ಮಾಲ್‌ಫಂಕ್ಷನ್ 54". ಹಾಗೆಂದರೇನು? ಆಪರೇಟರ್ ಬಳಿಯಿದ್ದ ಕೈಪಿಡಿಯಲ್ಲೂ ವಿವರಣೆ ಇರಲಿಲ್ಲ. ಇಂಥ ಸಂಖ್ಯೆಗಳು ಪದೇ ಪದೇ ಬರುತ್ತಿದ್ದವು, 'ಪಿ' ಒತ್ತಿದರೆ ಯಂತ್ರ ಮುಂದುವರಿಯುತ್ತಿತ್ತು. ಆಕೆ ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಅದಾಗಲೇ ವಿಪರೀತ ವಿಕಿರಣ ತಗುಲಿತ್ತು. ಪರದೆ ಮಾತ್ರ ಕಡಿಮೆ ಪ್ರಮಾಣ ತೋರಿಸುತ್ತಿತ್ತು. ಕೆಲ ತಿಂಗಳಲ್ಲಿ ಅವರು ತೀರಿಕೊಂಡರು. ಏಪ್ರಿಲ್‌ನಲ್ಲಿ ಅಲ್ಲೇ ಇನ್ನೊಬ್ಬ ರೋಗಿ, ಅದೇ 54...

1985ರಿಂದ 1987ರವರೆಗೆ ಇಂಥ ಆರು ಅವಘಡಗಳು ನಡೆದವು. ಮೂಲ ದೋಷ ಯಂತ್ರದ ತಂತ್ರಾಂಶ ಮತ್ತು ವಿನ್ಯಾಸದಲ್ಲಿತ್ತು, ನಿಜ. ಆದರೆ ಅಪಾಯವನ್ನು ಕೂಗಿ ಹೇಳಬೇಕಿದ್ದ ಸಂದೇಶ ಬರೀ ಅಂಕಿ ತೋರಿಸಿ ಸುಮ್ಮನಾಯಿತು.

ಈಗ ನಾನು ಏನಾಯಿತು, ಮುಂದೇನು ಮಾಡಬೇಕು, ಏನು ಮಾಡಬಾರದು ಎಂದು ಬಿಡಿಸಿ ಬರೆಯುತ್ತೇನೆ. ಓದುವವರಿಗೆ ಅರ್ಥವಾಗದಿದ್ದರೆ ಅದೂ ಒಂದು ಎರರ್ರೇ ಅಲ್ಲವೇ?