ತುಂಗಭದ್ರೆಯ ಎರಡು ದಂಡೆ: ಹಂಪಿಯಲ್ಲಿ ಕಟ್ಟಡ ಅನುಮತಿಯ ಚರಿತ್ರೆ

ಹಂಪಿಯಲ್ಲಿ ಮನೆ ಕಟ್ಟಲು, ಅಂಗಡಿಗೆ ಮಾಡು ಹೊದಿಸಲು, ಹೊಳೆಗೆ ಸೇತುವೆ ಹಾಕಲು ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆ ಇಂದಿನದಲ್ಲ. ಕಾನೂನು ಇಲ್ಲಿ ಮೊದಲು ಕಂಡದ್ದು ಕಲ್ಲನ್ನು. ನೆಲವನ್ನು ಕಂಡದ್ದು ಬಹಳ ತಡವಾಗಿ. ಅಷ್ಟರಲ್ಲಿ ಆ ನೆಲದ ಮೇಲೆ ಜನ ಬದುಕು ಕಟ್ಟಿಕೊಂಡಾಗಿತ್ತು. ಈ ಅಂತರವೇ ಮುಂದಿನ ಹೆಚ್ಚಿನ ವ್ಯಾಜ್ಯಗಳ ಮೂಲ ಎಂಬುದು ನನ್ನ ವಾದ.

ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಒಂದೊಂದೇ ಸ್ಮಾರಕವನ್ನು ಹೆಸರಿಸಿ ರಕ್ಷಿಸುತ್ತಿತ್ತು. ಆಗ ಹಂಪಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು; ಹೊಳೆಯಾಚೆಯ ಆನೆಗೊಂದಿ ನಿಜಾಮರ ಸೀಮೆಗೆ ಸೇರಿತ್ತು. ವಿಜಯನಗರದ ಒಂದೇ ರಾಜಧಾನಿ ಎರಡು ಸರ್ಕಾರಗಳ ಕಡತಗಳಲ್ಲಿ ಹಂಚಿಹೋಗಿತ್ತು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, ಆನೆಗೊಂದಿ 1956ರ ಏಕೀಕರಣದಲ್ಲಿ ಬಂತು. ಇಂದಿಗೂ ಈಚೆ ದಂಡೆ ವಿಜಯನಗರ ಜಿಲ್ಲೆ, ಆಚೆ ದಂಡೆ ಕೊಪ್ಪಳ. ಸ್ಮಾರಕಗಳಲ್ಲೂ ಕೆಲವು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪಾಲು, ಇನ್ನು ಕೆಲವು ರಾಜ್ಯ ಇಲಾಖೆಯ ಪಾಲು.

ಯುನೆಸ್ಕೊ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಾಗಿ ಎರಡು ವರ್ಷಕ್ಕೆ, 1988ರ ಅಕ್ಟೋಬರ್‌ನಲ್ಲಿ, ರಾಜ್ಯ ಸರ್ಕಾರ ತನ್ನ 1961ರ ಸ್ಮಾರಕ ಸಂರಕ್ಷಣಾ ಕಾಯ್ದೆಯಡಿ ಸುತ್ತಲಿನ ಗ್ರಾಮಗಳನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ಕೇಂದ್ರದ 1992ರ ಜೂನ್ 16ರ ಅಧಿಸೂಚನೆಯೊಂದಿಗೆ ಅಳತೆಯ ಪಟ್ಟಿಯೂ ಬಂತು: ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅಲ್ಲಿಂದಾಚೆಗೆ 200 ಮೀಟರ್ ನಿಯಂತ್ರಿತ. ಊರಿನಾಚೆ ಒಂಟಿಯಾಗಿ ನಿಂತ ಗುಡಿಗೆ ಇದು ಒಪ್ಪುವ ಲೆಕ್ಕ. ಹೆಜ್ಜೆಹೆಜ್ಜೆಗೂ ಮಂಟಪ, ಕೋಟೆಗೋಡೆ, ಕಾಲುವೆ ಇರುವ ಹಂಪಿಯಲ್ಲಿ ಒಂದು ವಲಯ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ.

ಇಷ್ಟೆಲ್ಲ ನಿಯಮಗಳಿದ್ದೂ ಸೇತುವೆ ಪ್ರಕರಣ ನಡೆಯಿತು. ತಳವಾರಘಟ್ಟ ಮತ್ತು ಆನೆಗೊಂದಿಯ ನಡುವೆ ವಾಹನ ಸಂಚಾರಕ್ಕೊಂದು, ಹೊಳೆಯ ನಡುಗಡ್ಡೆಯಾದ ವಿರುಪಾಪುರ ಗಡ್ಡಿಗೆ ಕಾಲುನಡಿಗೆಗೊಂದು, ಹೀಗೆ ಎರಡು ತೂಗುಸೇತುವೆಗಳ ಕೆಲಸ 1990ರ ದಶಕದ ಕೊನೆಯಲ್ಲಿ ಸಾಗಿತ್ತು. ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ, ಮಳೆಗಾಲದಲ್ಲಿ ಅದೂ ಇಲ್ಲದೆ ಮೈಲುಗಟ್ಟಲೆ ಸುತ್ತಬೇಕಾದ ಜನರಿಗೆ ಸೇತುವೆ ಬೇಕೇ ಬೇಕಿತ್ತು. ಅವರ ಬೇಡಿಕೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಜಾಗದ ಆಯ್ಕೆಯಲ್ಲಿ. ವಿಜಯನಗರ ಕಾಲದ ಹೆಬ್ಬಾಗಿಲಿನ ಆಸುಪಾಸಿಗೆ ಲಾರಿ, ಬಸ್ಸುಗಳ ಓಡಾಟವನ್ನು ತರುವ ಯೋಜನೆ ಅದು. ಅದರಿಂದ ಪರಂಪರೆಗೆ ಆಗುವ ಧಕ್ಕೆಯ ಲೆಕ್ಕಾಚಾರ ಕೆಲಸಕ್ಕಿಂತ ಮೊದಲು ಆಗಬೇಕಿತ್ತು. ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಆ ಪಟ್ಟಿಯಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ಅರ್ಧಕ್ಕೆ ನಿಂತಿದ್ದ ಆನೆಗೊಂದಿ ಸೇತುವೆಯ ಕಾಮಗಾರಿ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮುಂದೆ ಸೇತುವೆ ಎದ್ದದ್ದು ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ. ಇಂಥ ಜಾಗದ ಹುಡುಕಾಟ ಮೊದಲೇ ನಡೆದಿದ್ದರೆ ಎಂದು ಯಾರಿಗಾದರೂ ಅನಿಸದೆ ಇರದು.

ಈ ಬಿಕ್ಕಟ್ಟಿನ ನಡುವೆ ಬಂದದ್ದೇ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆ. ಹೊಳೆಯ ಎರಡೂ ದಂಡೆಯ ಊರುಗಳನ್ನು ಒಂದೇ ನಕ್ಷೆಯಲ್ಲಿ ತಂದು, ಭೂಬಳಕೆ ಮತ್ತು ನಿರ್ಮಾಣಕ್ಕೆ ಪ್ರಾಧಿಕಾರದ ಒಪ್ಪಿಗೆ ಕಡ್ಡಾಯ ಮಾಡಿದ್ದು ಇದರ ದೊಡ್ಡ ಸಾಧನೆ. ಗದ್ದೆ, ಬಾಳೆತೋಟ, ವಿಜಯನಗರ ಕಾಲದ ಕಾಲುವೆಗಳೂ ಪರಂಪರೆಯ ಭಾಗವೆಂಬ ತಿಳಿವಳಿಕೆ ಆಡಳಿತಕ್ಕೆ ಬಂದದ್ದು ಹೆಚ್ಚುಕಡಿಮೆ ಈ ಹೊತ್ತಿಗೆ.

ಸ್ಮಾರಕಗಳ ಕುರಿತ ಈಗಿನ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಹುಟ್ಟುಹಾಕಿತು. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ; 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ದುರಸ್ತಿಗೆ ಅರ್ಜಿ ಹಾಕಬಹುದು. ಸಕ್ಷಮ ಪ್ರಾಧಿಕಾರಿ 15 ದಿನದೊಳಗೆ ಅರ್ಜಿಯನ್ನು ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅದು ಎರಡು ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು, ಆಮೇಲೆ ಒಂದು ತಿಂಗಳಲ್ಲಿ ಆದೇಶ ಹೊರಡಬೇಕು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಳೆಗಾಲಕ್ಕೆ ಮುಂಚೆ ಮಾಡು ಸರಿಪಡಿಸಬೇಕಾದ ಬಡವನಿಗೆ ಮೂರೂವರೆ ತಿಂಗಳು ಸಣ್ಣ ಅವಧಿಯಲ್ಲ.

ಕಾಗದ ಎಷ್ಟೇ ಬದಲಾದರೂ ನೆಲದ ಮೇಲೆ ನಡೆದದ್ದು ತೆರವು. ವಿರೂಪಾಕ್ಷ ಗುಡಿಯೆದುರಿನ ರಥಬೀದಿಯ ಕಲ್ಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರ ಜುಲೈನಲ್ಲಿ ಎಬ್ಬಿಸಲಾಯಿತು. ಬದಲಿ ಜಾಗ ಸಿಕ್ಕಿದ್ದು ಕಡ್ಡಿರಾಂಪುರದಲ್ಲಿ. ಮಂಟಪಗಳ ರಕ್ಷಣೆ ಆಗಲೇಬೇಕಿತ್ತು, ನಿಜ. ಆದರೆ ಬುಲ್ಡೋಜರ್ ಮೊದಲು, ಪುನರ್ವಸತಿ ಆಮೇಲೆ ಎಂಬ ಕ್ರಮವನ್ನು ಯಾವ ಸಂರಕ್ಷಣಾ ತತ್ವವೂ ಸಮರ್ಥಿಸದು.

ವಿರುಪಾಪುರ ಗಡ್ಡಿಯ ರೆಸಾರ್ಟುಗಳ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1988ರ ಅಧಿಸೂಚನೆ ರಕ್ಷಿಸಿದ್ದು ಸ್ಮಾರಕಗಳನ್ನಷ್ಟೇ ಅಥವಾ ಇಡೀ ಗ್ರಾಮವನ್ನೇ ಎಂಬುದು ಅಲ್ಲಿನ ತಿರುಳು. ಇಡೀ ಗ್ರಾಮವನ್ನು ಎಂದು ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ತೀರ್ಪಿತ್ತು, ಕಟ್ಟಡಗಳನ್ನು ಕೆಡವಲು ಹೇಳಿತು. ಮುಂದಿನ ತಿಂಗಳು ಅವು ನೆಲಸಮವಾದವು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ. ಆದರೆ ಅಧಿಸೂಚನೆಯ ಅರ್ಥ ಇತ್ಯರ್ಥವಾಗಲು ಮೂವತ್ತೊಂದು ವರ್ಷ ಹಿಡಿದದ್ದು ಆಡಳಿತದ ಸೋಲು.

ಸಂರಕ್ಷಿತ, ನಿಷೇಧಿತ, ನಿಯಂತ್ರಿತ ವಲಯಗಳ ನಕ್ಷೆ ಸರ್ವೆ ನಂಬರಿನ ಸಮೇತ, ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಬೇಕು; ಅಡಿಪಾಯ ತೋಡುವ ಮೊದಲು ಯಾರ ಬಳಿ ಹೋಗಬೇಕೆಂಬುದನ್ನು ಅದರ ಕೆಳಗೇ ಬರೆದಿರಬೇಕು. ಪ್ರಾಧಿಕಾರವೂ ಇಲಾಖೆಗಳೂ ಮೊದಲು ಈ ಕೆಲಸ ಮಾಡಲಿ.